ಜಿಂಕೆ ತಿಂದ ಹೂವು

ಲಂಡನ್ನಿನ ವಾಯವ್ಯ ಮೂಲೆಯಲ್ಲಿ, ಪಿನ್ನರ್‌ನ ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ, ಸದಾ ಹಸಿಯಾಗಿರುವ ಒಂದು ತಗ್ಗಿದೆ. ಆ ತಗ್ಗಿನ ನಡುವೆ ತಂತಿಯ ಪಂಜರ. ಪಂಜರದೊಳಗೆ ಮೊಳದೆತ್ತರವೂ ಇಲ್ಲದ ಒಂದು ಪೊದೆ. ಜಿಂಕೆಯ ಬಾಯಿಂದ ಅದನ್ನು ಕಾಪಾಡಲು ಪಂಜರ ಹಾಕಿದ್ದಾರೆಂದು ಅಲ್ಲಿ ಓಡಾಡುವವರು ತಿಳಿದಿದ್ದಾರೆ. ಗೂಟ ಹೊಡೆದವನು ನಾನು. ಜಿಂಕೆ ಆ ಪೊದೆಯನ್ನು ಮೂಸಿಯೂ ನೋಡಿರಲಿಲ್ಲವೆಂದು ಗೂಟ ಹೊಡೆಯುವಾಗ ಖಚಿತವಾಗಿ ಗೊತ್ತಿದ್ದವನೂ ನಾನೊಬ್ಬನೇ.

ಜಿಂಕೆಗೆ ಮಾಡಿದ ಅನ್ಯಾಯ ದೊಡ್ಡದಲ್ಲ, ಅದಕ್ಕೆ ವಿಷಯ ತಿಳಿದೇ ಇಲ್ಲ. ನನ್ನನ್ನು ಕೊರೆಯುವುದು ಅಕ್ಕನಿಗೆ ಮಾಡಿದ್ದು.

ಅಕ್ಕ ನನಗಿಂತ ದೊಡ್ಡವಳು, ಎಲ್ಲ ಲೆಕ್ಕದಲ್ಲೂ. ಧಾರವಾಡದ ಮನೆಯಲ್ಲಿ ಒಂದೇ ಮೇಜಿನ ಎರಡು ಕಡೆ ಕುಳಿತು ಓದಿದೆವು. ಅವಳು ಡಾಕ್ಟರಾಗಿ ಇಲ್ಲಿಯ ಸರಕಾರಿ ಆಸ್ಪತ್ರೆಗೆ ಬಂದಳು. ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕುಳಿತು ಎರಡು ಸಲವೂ ಕುಳಿತ ಹಾಗೆಯೇ ಎದ್ದು ಬಂದೆ. ಆಮೇಲೆ ಖಾನಾವಳಿಯಲ್ಲಿ ಕೆಲಸ ಕಲಿತು, ಅಡುಗೆಯವನಾಗಿ ಈ ದೇಶಕ್ಕೆ ಬಂದು, ಈಗ ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ ಸಮೋಸಾ ಮಡಿಸುವ ಯಂತ್ರದ ಮುಂದೆ ನಿಲ್ಲುತ್ತೇನೆ. ಯಂತ್ರ ಮಡಿಸುತ್ತದೆ. ಅದು ತಪ್ಪಿದಾಗ ನಾನು ಮಡಿಸುತ್ತೇನೆ.

ಓದಲಿಲ್ಲವೆಂದು ನಾನು ಬಹಳ ದುಃಖಪಟ್ಟಿರಬೇಕೆಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ನಿಜ ಹೇಳಬೇಕೆಂದರೆ ಅದು ನನಗೆ ಕೊಡೆಯ ಹಾಗೆ ಒದಗಿದೆ. ಚಿಕ್ಕಂದಿನಲ್ಲಿ ನಾನು ಏನಾದರೂ ಒಡೆದು ಬಂದರೆ ಅವ್ವ "ಅದಕ್ಕೇನು ತಿಳೀತದ, ಬಿಡ್ರಿ" ಎಂದು ಅಪ್ಪನ ಕೈಯಿಂದ ಬಿಡಿಸುತ್ತಿದ್ದಳು. ಅವ್ವ ಹೋದ ಮೇಲೆ ಆ ಮಾತನ್ನು ನಾನೇ ಹೇಳಿಕೊಳ್ಳಲು ಕಲಿತೆ. ಅಕ್ಕನ ಇಳಕಲ್ ಸೀರೆಯನ್ನು ವಾಷಿಂಗ್ ಮಶೀನಿಗೆ ಹಾಕಿದಾಗ, ಕೌನ್ಸಿಲ್ಲಿನವರು ಕೊಟ್ಟ ಬಣ್ಣಬಣ್ಣದ ಕಸದ ಡಬ್ಬಿಗಳನ್ನು ತಪ್ಪು ದಿನ ಹೊರಗಿಟ್ಟಾಗ, "ನಂಗೇನು ತಿಳೀತದ ಅಕ್ಕಾ" ಎಂದರೆ ಸಾಕು, ಕೊಡೆ ಬಿಚ್ಚಿಕೊಳ್ಳುತ್ತಿತ್ತು. ಎಷ್ಟು ಜೋರು ಮಳೆಯಾದರೂ ಅತ್ತಿತ್ತ ಹರಿದುಹೋಗುತ್ತಿತ್ತು.

ಭಾವ ತೀರಿಕೊಂಡ ಮೇಲೆ ಹೌನ್ಸ್ಲೋದ ನನ್ನ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆಗೆ ಬಂದೆ. ಅವಳ ಮಗಳು ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಳೆ. ಮರುವರ್ಷ ಅಕ್ಕ ನಿವೃತ್ತಳಾದಳು. ನಿವೃತ್ತಿಯಾದ ಡಾಕ್ಟರು ಇಡೀ ದಿನ ಮನೆಯಲ್ಲಿದ್ದರೆ ಉಳಿದವನ ಗತಿ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ನಾನು ಕೆಮ್ಮಿದರೆ ನಾಲಿಗೆ ಚಾಚಬೇಕು. ಸುಮ್ಮನೆ ಕುಳಿತರೆ, ಯಾಕೆ ಸುಮ್ಮನಿದ್ದೀಯೆಂದು ಬಿಪಿ ನೋಡುತ್ತಿದ್ದಳು. ಹಾಗಾಗಿ ಅವಳು ಗಿಡಗಳನ್ನು ಗುರುತಿಸುವವರ ಒಂದು ಗುಂಪಿಗೆ ಸೇರಿದ ದಿನ ನಾನು ದೇವರ ಮುಂದೆ ಕಾಯಿ ಒಡೆದೆ.

ಗುಂಪಿನವರು ಭಾನುವಾರ ಕಾಮನ್‌ಗೆ ಹೋಗುತ್ತಿದ್ದರು. ಕಾಮನ್ ಎಂದರೆ ನಮ್ಮ ಕಡೆಯ ಗೋಮಾಳವಿದ್ದಂತೆ, ಊರಿಗೆಲ್ಲ ಸೇರಿದ ಕುರುಚಲು ಬಯಲು. ದನಗಳ ಬದಲು ಇಲ್ಲಿ ನಾಯಿಗಳು ತಿರುಗುತ್ತವೆ. ಹತ್ತು ಹನ್ನೆರಡು ಮಂದಿ ವಯಸ್ಸಾದವರು ಸೊಂಟ ಬಗ್ಗಿಸಿ, ಕಣ್ಣಿಗೆ ಪುಟ್ಟ ಭೂತಗನ್ನಡಿ ಒತ್ತಿಕೊಂಡು ನಿಂತಿದ್ದರೆ, ಮದುವೆಮನೆಯಲ್ಲಿ ಕಳೆದ ಮೂಗುತಿ ಹುಡುಕುತ್ತಿರುವ ಬೀಗರ ಹಾಗೆ ಕಾಣುತ್ತಿದ್ದರು. ನಾನು ರಜೆಯಿದ್ದಾಗ ಅಕ್ಕನ ಚೀಲ ಹೊರಲು ಹೋಗುತ್ತಿದ್ದೆ. ಅವರ ಮುಖ್ಯಸ್ಥರು ಮೊಣಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡ ಒಬ್ಬ ಇಂಗ್ಲಿಷ್ ಮುದುಕರು. ಮನಸ್ಸಿನಲ್ಲಿ ನಾನು ಅವರಿಗೆ ಗಿಡದ ಸಾಹೇಬರು ಎಂದು ಹೆಸರಿಟ್ಟಿದ್ದೆ. ಯಾರಾದರೂ ಒಂದು ಅಪರೂಪದ ಗಿಡ ಕಂಡು, ಇದು ಇಂಥದ್ದೇ ಎಂದು ಹೇಳಿ, ಅದನ್ನು ಸಾಹೇಬರು ಒಪ್ಪಿದರೆ, ಜಿಲ್ಲೆಯ ನಕ್ಷೆಯ ಮೇಲೆ ಆ ಜಾಗದಲ್ಲಿ ಒಂದು ಚುಕ್ಕೆ ಬೀಳುತ್ತಿತ್ತು. ಗುಂಪಿನಲ್ಲಿ ಎಲ್ಲರದೂ ಒಂದೊಂದು ಚುಕ್ಕೆ ಇತ್ತು. ಅಕ್ಕನದಿರಲಿಲ್ಲ.

ಜೀವಮಾನವಿಡೀ ರೋಗ ಗುರುತಿಸಿದವಳಿಗೆ ಗಿಡ ಗುರುತಿಸುವುದು ಯಾವ ಲೆಕ್ಕ ಎಂದುಕೊಂಡೇ ಅಕ್ಕ ಹೋಗಿದ್ದಳು. ಗಿಡದ ಮುಂದೆ ಕುಳಿತರೂ ರೋಗಿಯ ಮುಂದೆ ಕುಳಿತಂತೆಯೇ. ಮೊದಲು ಬಣ್ಣ ನೋಡುವಳು, ಆಮೇಲೆ ಮುಟ್ಟಿ ನೋಡುವಳು, ಕೊನೆಗೆ "ಎಷ್ಟ ದಿನದಿಂದ ಹಿಂಗದ ಇದು?" ಎಂದು ನನ್ನನ್ನು ಕೇಳುವಳು, ನಾನು ಅದರ ಸಂಬಂಧಿಕನೋ ಎಂಬಂತೆ. ಆದರೆ ಗಿಡಗಳು ಮೈನೋವು ಹೇಳಿಕೊಳ್ಳುವುದಿಲ್ಲ. ಎರಡು ಸಲ ಗುಂಪಿನೆದುರು ಅಕ್ಕ ತಪ್ಪಿದಳು. ಸುಲಭವಾಗಿ ಗೊಂದಲವಾಗುವಂಥದ್ದೇ ಬಿಡಿ ಎಂದು ಸಾಹೇಬರು ಮೆತ್ತಗೆ ಹೇಳಿದರು. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಆ ಮೆತ್ತಗಿನ ಮಾತು ಅವಳಿಗೆ ಊಟ ಸೇರದಂತೆ ಮಾಡಿತು. ಇನ್ನೊಮ್ಮೆ ತನ್ನ ಮಾತು ನಿಲ್ಲದಿದ್ದರೆ ಆ ಕಡೆ ಕಾಲಿಡುವುದಿಲ್ಲ ಎಂದಳು. ಅಕ್ಕ ಅಂದದ್ದನ್ನು ಮಾಡುವವಳು.

ಹೋದ ವರ್ಷ ಬೇಸಿಗೆ ಶುರುವಾಗುವಾಗ ಅವಳಿಗೆ ಆ ಪೊದೆ ಸಿಕ್ಕಿತು.

ಇಲ್ಲಿಯ ಬಯಲಿನಲ್ಲಿ ಹೆದರ್, ಹೀತ್ ಎಂಬ ಗಿಡ್ಡ ಪೊದೆಗಳ ಒಂದು ಕುಟುಂಬವೇ ಇದೆ. ಎಲ್ಲಕ್ಕೂ ಸೂಜಿಯಂಥ ಎಲೆ, ಗುಲಾಬಿ ಬಣ್ಣದ ಸಣ್ಣ ಹೂವು. ಒಣ ದಿಬ್ಬಗಳ ಮೇಲೆ ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲೇ ಒಂದು ಹಸಿ ನೆಲವನ್ನು ಹುಡುಕಿಕೊಂಡು ಬೆಳೆಯುತ್ತದೆ. ಕ್ರಾಸ್-ಲೀವ್ಡ್ ಹೀತ್ ಎಂದು ಅದರ ಹೆಸರು. ಈ ಕಾಮನ್‌ನಲ್ಲಿ ಹಿಂದೆ ಇತ್ತಂತೆ, ಈಗಿನವರು ಯಾರೂ ಕಂಡಿರಲಿಲ್ಲ. ಎಲ್ಲರೂ ಶೂ ಕೆಸರಾಗುತ್ತದೆಂದು ಬಿಟ್ಟಿದ್ದ ತಗ್ಗಿಗೆ ಅಕ್ಕ ಗಂಬೂಟು ಹಾಕಿಕೊಂಡು ಇಳಿದಳು. ನಾನು ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಚೀಲದ ಮೇಲೆ ಮೊಣಕಾಲೂರಿ ಬಹಳ ಹೊತ್ತು ನೋಡಿದಳು. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಒಂದು ಗೆಣ್ಣಿಗೆ ಎಷ್ಟು ಎಲೆ ಇವೆ ನೋಡು ಎಂದಳು. ನಾನು ನೋಡಿ, ಭಾಳ ಅವ ಎಂದೆ.

ನಾಲ್ಕಿದ್ದವು. ದಿಬ್ಬದ ಹೆದರ್‌ಗೆ ಮೂರಂತೆ. ಇದಕ್ಕೆ ನಾಲ್ಕು, ಕೂಡಿಸುವ ಲೆಕ್ಕದ ಚಿಹ್ನೆಯ ಹಾಗೆ ನಾಲ್ಕು ದಿಕ್ಕಿಗೆ.

ಸಾಹೇಬರು ಬಂದು ನೋಡಿ, ಎಲೆಯೇನೋ ಸರಿಯಾಗಿಯೇ ಇದೆ ಎಂದರು. ಆದರೆ ಸುತ್ತಲಿನ ಮನೆಗಳವರು ತೋಟದ ಕಸ ತಂದು ಇಲ್ಲಿ ಸುರಿಯುತ್ತಾರೆ. ನರ್ಸರಿಯಲ್ಲಿ ಮಾರುವ ಮಿಶ್ರತಳಿಗಳಿಗೂ ನಾಲ್ಕೆಲೆಯವು ಇವೆ, ಅವು ಬೇರುಬಿಟ್ಟಿರಬಹುದು. ಹೂವನ್ನು ಬಿಡಿಸಿ ಒಳಗೆ ನೋಡದೆ ತಾನು ಚುಕ್ಕೆ ಇಡುವುದಿಲ್ಲ. ಇಷ್ಟು ಹೇಳಿ ಅವರು ಬೇಸಿಗೆ ಕಳೆಯಲು ಮಗಳ ಊರಿಗೆ ಹೊರಟರು. ಆಗಸ್ಟ್ ನಡುವಿನ ಒಂದು ಭಾನುವಾರ ಬರುತ್ತೇನೆ, ಅಷ್ಟರಲ್ಲಿ ಅರಳಿರುತ್ತದೆ ಎಂದರು.

ಅಕ್ಕ ನನ್ನಿಂದ ಪೊದೆಯ ಪಕ್ಕ ಒಂದು ಬಿದಿರು ಕೋಲು ನೆಡಿಸಿ, ತುದಿಗೆ ಕೆಂಪು ಉಣ್ಣೆಯ ದಾರ ಕಟ್ಟಿಸಿದಳು. ಅಂದಿನಿಂದ ವಾರ್ಡಿನ ರೌಂಡ್ಸಿಗೆ ಹೋಗುವವಳ ಹಾಗೆ ಹೋಗಿ ನೋಡಿ ಬರುತ್ತಿದ್ದಳು. ಮೊಗ್ಗು ಬಂತು ಎಂದು ಮಗಳಿಗೆ ಫೋನು ಮಾಡಿ ಹೇಳಿದಳು. ಮಗಳು ಅದು ಯಾವುದೋ ಕಾಯಿಲೆಯೆಂದು ತಿಳಿದು ಇಂಗ್ಲಿಷಿನಲ್ಲಿ, ಅಮ್ಮಾ, ಯಾರಿಗೆ ಎಂದು ಕೇಳಿದಳಂತೆ.

ಈಗ ದೇವರ ವಿಷಯಕ್ಕೆ ಬರಬೇಕು.

ಮನೆಯಲ್ಲಿ ಪೂಜೆ ಮಾಡುತ್ತಿದ್ದವರು ಭಾವ. ಅವರ ನಂತರ ಅದು ನನ್ನ ಪಾಲಿಗೆ ಬಂತು. ಅಕ್ಕನಿಗೆ ದೇವರ ಮೇಲೆ ದೊಡ್ಡ ನಂಬಿಕೆಯಿಲ್ಲ, ಪೂಜೆ ನಿಲ್ಲಿಸುವಷ್ಟು ಅಪನಂಬಿಕೆಯೂ ಇಲ್ಲ. ಪೂಜೆಗೆ ಹೂವು ಬೇಕು. ನಮ್ಮ ಓಣಿಯಲ್ಲಿ ಬೆಳಗಾಗುವ ಮೊದಲೇ ಹುಡುಗರು ಬುಟ್ಟಿ ಹಿಡಿದು ಹೊರಡುತ್ತಿದ್ದೆವು. ಯಾರ ಕಂಪೌಂಡಿನಿಂದ ದಾಸವಾಳದ ಟೊಂಗೆ ಹೊರಗೆ ಬಾಗಿದೆಯೋ ಅದು ದೇವರದು. ಕೇಳಿ ತಂದ ಹೂವಿಗಿಂತ ಕೇಳದೆ ತಂದ ಹೂವು ದೇವರಿಗೆ ಹೆಚ್ಚು ಪ್ರೀತಿ ಎಂದು ಹಿರಿಯರೇ ನಗುತ್ತ ಹೇಳುತ್ತಿದ್ದರು. ನನಗೆ ಚೆನ್ನಾಗಿ ತಲೆಗೆ ಹತ್ತಿದ ವಿದ್ಯೆ ಇದೊಂದೇ.

ಪಿನ್ನರ್‌ಗೆ ಬಂದ ಮೊದಲ ವಾರವೇ ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ಪರದೆ ಸರಿಸಿದಾಗ ನಾನು ಅವರ ಗುಲಾಬಿಗಳ ನಡುವೆ ಇದ್ದೆ. ಕೈಮುಗಿದು, ನನಗೆ ಬರುವ ಇಂಗ್ಲಿಷಿನಲ್ಲಿ, ದೇವರಿಗೆ ಎಂದೆ. ನಮ್ಮ ಮನೆಯಲ್ಲಿ ಮತ್ತೊಬ್ಬರು ತೀರಿಕೊಂಡರೆಂದು ಅವರು ತಿಳಿದು, ಸಂಜೆ ಕೇಕು ಮಾಡಿ ತಂದು, ಅಕ್ಕನ ಕೈ ಹಿಡಿದು ಸಮಾಧಾನ ಹೇಳಿ ಹೋದರು. ಯಾರು ಸತ್ತರೆಂದು ಅಕ್ಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೇಕು ತಿಂದು ಮುಗಿಸಿದ ಮೇಲೆ, ಈ ರಸ್ತೆಯ ಯಾವ ಮನೆಯ ಹೂವಿಗೂ ಕೈ ಹಚ್ಚಕೂಡದು ಎಂದು ಆಜ್ಞೆಯಾಯಿತು.

ಸೂಪರ್ ಮಾರ್ಕೆಟ್ಟಿನ ಹೂವು ಕೆಲವು ದಿನ ತಂದೆ. ವಾಸನೆಯಿಲ್ಲ, ಎರಡು ವಾರವಾದರೂ ಬಾಡುವುದಿಲ್ಲ. ಬಾಡದ ಹೂವನ್ನು ದೇವರು ಹೇಗೆ ನಂಬುತ್ತಾನೆ? ಅಕ್ಕ ಹೇಳಿದ್ದು ಮನೆಗಳ ಹೂವು. ಕಾಮನ್ ಯಾರ ಮನೆಯೂ ಅಲ್ಲ. ಹೀಗೆಂದುಕೊಂಡು, ಮಧ್ಯಾಹ್ನದ ಪಾಳಿ ಇದ್ದ ದಿನಗಳಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಅಷ್ಟಿಷ್ಟು ಬೇಲಿ ಹೂವು ತರತೊಡಗಿದೆ. ಗೇಟಿನ ಬಳಿ ಒಂದು ಬೋರ್ಡು ಇತ್ತು. ಅದರಲ್ಲಿ ಬಹಳ ಅಕ್ಷರಗಳಿದ್ದವು. ಅಕ್ಕನಿಗೆ ಇದನ್ನು ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಅವಳು ಕೇಳಿರಲಿಲ್ಲ.

ಸಾಹೇಬರು ಬರಬೇಕಾದ ಭಾನುವಾರದ ಹಿಂದಿನ ಶುಕ್ರವಾರ ಶ್ರಾವಣದ್ದು, ಲಕ್ಷ್ಮಿಯದು. ಅಂದು ಹೂವಿಲ್ಲದೆ ಆಗುವುದಿಲ್ಲ. ಹೋದೆ. ಬೇಲಿಯ ಹೂವೆಲ್ಲ ಉದುರಿ ಕಾಯಾಗಿತ್ತು. ಹಳದಿಯದು ಒಂದಿತ್ತು, ಮೈಯೆಲ್ಲ ಮುಳ್ಳು. ದಿಬ್ಬದ ಮೇಲೆ ಹೆದರ್ ಕಂಬಳಿ ಹಾಸಿದಂತೆ ಅರಳಿತ್ತು. ಆದರೆ ಪ್ರತಿ ಭಾನುವಾರ ಅದರ ಮೇಲೆ ನಾಯಿಗಳು ಕಾಲೆತ್ತುವುದನ್ನು ಕಣ್ಣಾರೆ ಕಂಡವನು ನಾನು. ಅಂಥದ್ದನ್ನು ಲಕ್ಷ್ಮಿಗೆ ಹೇಗೆ ಏರಿಸಲಿ? ನಾಯಿ ಹೋಗದ ಜಾಗ ಒಂದೇ ಇತ್ತು, ಆ ಹಸಿ ತಗ್ಗು. ಅಲ್ಲಿ ಕೆಂಪು ದಾರದ ಪಕ್ಕ, ಮಡಿಯಲ್ಲಿ ನಿಂತವರ ಹಾಗೆ, ಅಕ್ಕನ ಪೊದೆ ಅರಳಿ ನಿಂತಿತ್ತು. ಪ್ರತಿ ಕಡ್ಡಿಯ ತುದಿಗೆ ಒಂದೇ ಗೊಂಚಲು. ಜೋಳದ ಕಾಳಿಗಿಂತ ತುಸು ದೊಡ್ಡ ಗುಲಾಬಿ ಗಂಟೆಗಳು, ಎಲ್ಲವೂ ತಲೆ ತಗ್ಗಿಸಿದ್ದವು.

ಅಕ್ಕನದೆಂದು ಗೊತ್ತಿತ್ತು. ಭಾನುವಾರಕ್ಕೆ ಬೇಕೆಂದೂ ಗೊತ್ತಿತ್ತು. ಆದರೆ ನಾನು ಬಲ್ಲ ಗಿಡಗಳೆಲ್ಲ ಕಿತ್ತಷ್ಟೂ ಬಿಡುವಂಥವು. ಮಲ್ಲಿಗೆ ಇವತ್ತು ಬಿಡಿಸಿದರೆ ನಾಳೆ ಮತ್ತೆ ತುಂಬಿರುತ್ತದೆ. ದಾಸವಾಳವೂ ಹಾಗೆಯೇ, ಕನಕಾಂಬರವೂ ಹಾಗೆಯೇ. ಬಿಡಿಸದೆ ಬಿಟ್ಟರೆ ಗಿಡ ಬೇಸರಪಡುತ್ತದೆ ಎಂದು ಅವ್ವ ಅನ್ನುತ್ತಿದ್ದಳು. ಇವತ್ತು ಲಕ್ಷ್ಮಿಗೆ, ಭಾನುವಾರ ಸಾಹೇಬರಿಗೆ, ಇಬ್ಬರಿಗೂ ಆಗುತ್ತದೆ. ಕೈಗೆ ಕೋಲು ಅಡ್ಡ ಬರುತ್ತಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು, ಉಗುರಿನಿಂದ ಚಿವುಟಿ, ದವನ ಬಿಡಿಸುವಂತೆ ಒಂದಿಷ್ಟು ಎಲೆಯ ಸಮೇತ ಎಲ್ಲವನ್ನೂ ಬಿಡಿಸಿಕೊಂಡೆ. ಆಮೇಲೆ ಕೋಲನ್ನು ಮೊದಲಿಗಿಂತ ಗಟ್ಟಿಯಾಗಿ ನೆಟ್ಟು ಬಂದೆ. ನೂಲಿನಲ್ಲಿ ಕಟ್ಟಿ ಏರಿಸಿದಾಗ ಲಕ್ಷ್ಮಿ ಬಹಳ ಚೆನ್ನಾಗಿ ಕಂಡಳು. ಮಾಲೆ ಚೊಲೋ ಅದ ಎಂದು ಅಕ್ಕನೂ ಹೋಗುತ್ತ ಬರುತ್ತ ಅಂದಳು. ಅವಳು ದೇವರ ಕೋಣೆಗೆ ಕನ್ನಡಕ ಹಾಕಿಕೊಂಡು ಬರುವವಳಲ್ಲ.

ಭಾನುವಾರ ಅಕ್ಕ ಹೊಸ ಮಳೆಕೋಟು ಹಾಕಿಕೊಂಡಿದ್ದಳು. ಗುಂಪಿನವರೆಲ್ಲ ಬಂದಿದ್ದರು, ಒಬ್ಬ ಮುದುಕಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಸಾಹೇಬರು ಮೊಣಕಾಲೂರಿ, ಸ್ವಲ್ಪ ಹೊತ್ತು ನೋಡಿ, ತುದಿಗಳನ್ನೆಲ್ಲ ಏನೋ ತಿಂದುಬಿಟ್ಟಿದೆ ಎಂದರು. ಪೊದೆಯಲ್ಲಿ ಒಂದು ಮೊಗ್ಗೂ ಹೊಸದಾಗಿ ಬಂದಿರಲಿಲ್ಲ. ಈ ದೇಶದ ಗಿಡ ವರ್ಷಕ್ಕೆ ಕೊಡುವುದನ್ನು ಕೊಟ್ಟು ಸುಮ್ಮನಾಗುತ್ತದೆ ಎಂದು ನಾನು ಆಗ ಕಲಿತೆ.

ಮೊಲವಿರಬಹುದು ಎಂದರು ಯಾರೋ. ಮೊಲ ಓರೆಯಾಗಿ ಕತ್ತರಿಸುತ್ತದೆ, ಇದು ಚಿವುಟಿದ ಹಾಗಿದೆ ಎಂದು ಸಾಹೇಬರು ಅಂದಾಗ ನಾನು ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಕೊನೆಗೆ ಜಿಂಕೆ ಎಂದಾಯಿತು. ಇಲ್ಲಿಯ ಕಾಡಂಚಿನಲ್ಲಿ ನಾಯಿಯಷ್ಟೆತ್ತರದ ಜಿಂಕೆಗಳು ತಿರುಗುತ್ತವೆ. ಎಲ್ಲರೂ ಸುತ್ತ ಬಗ್ಗಿ ಹಿಕ್ಕೆ ಹುಡುಕಿದರು. ಒಂದೂ ಸಿಗಲಿಲ್ಲ. ಬಹಳ ಜಾಣ ಜಿಂಕೆ ಎಂದು ತೀರ್ಮಾನವಾಯಿತು.

ಹೂವಿಲ್ಲದೆ ಚುಕ್ಕೆ ಇಡಲಾರೆ, ಮುಂದಿನ ಬೇಸಿಗೆ ನೋಡೋಣ ಎಂದು ಸಾಹೇಬರು ಮೆತ್ತಗೆ ಹೇಳಿದರು. ಅದೇ ಮೆತ್ತಗಿನ ದನಿ. ಅಕ್ಕ ನನ್ನ ಕಡೆ ತಿರುಗಿದಳು.

"ಜಿಂಕಿ ತಿಂದದಂತೋ."

"ಪಾಪ, ಹಸಿದಿತ್ತೇನೋ ಅಕ್ಕಾ" ಎಂದೆ.

ಮುಂದಿನ ವಾರ ಗುಂಪಿನವರು ತಂತಿ ತಂದರು. ಗೂಟ ಹೊಡೆಯಲು ಗಟ್ಟಿಮುಟ್ಟಾದವರು ಯಾರೆಂದು ನೋಡಿದರೆ ನಾನೇ ಇದ್ದೆ. ನನಗೆ ಎರಡು ಕಪ್ಪು ಚಹಾ ಸಿಕ್ಕಿತು, ಬಿಸ್ಕತ್ತೂ ಸಿಕ್ಕಿತು, ಹೊಗಳಿಕೆಯೂ ಸಿಕ್ಕಿತು. ಅಕ್ಕ ಬಂದಿರಲಿಲ್ಲ.

ಅವಳು ಭೂತಗನ್ನಡಿಯನ್ನು ಕೊರಳಿಂದ ತೆಗೆದು ಬಾಗಿಲ ಬಳಿ ಬೀಗದ ಕೈಗಳ ಮೊಳೆಗೆ ತೂಗುಹಾಕಿದಳು. ಗುಂಪಿನವರ ಫೋನು ಬಂದರೆ ಎತ್ತುತ್ತಿರಲಿಲ್ಲ. ಯಾರೂ ಕೇಳದಿದ್ದರೂ, ಅದು ತೋಟದ ಗಿಡವೇ ಇರಬೇಕು, ನನಗೆ ಕಣ್ಣು ಸಾಲದು ಎಂದು ತಾನಾಗಿ ಅನ್ನುತ್ತಿದ್ದಳು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮೇಲಿಟ್ಟಳು, ಮರುದಿನ ಮತ್ತೆ ಇಳಿಸಿದಳು. ಮಾಡಲು ಕೆಲಸವಿಲ್ಲದೆ ಕೊನೆಗೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ನಾಲಿಗೆ ನೋಡಿದಳು. ಬಿಪಿ ನೋಡಿದಳು. ಏರಿತ್ತು. ಮರುದಿನ ನೋಡಿದಳು, ಇನ್ನೂ ಏರಿತ್ತು. ಅವಳು ಪಟ್ಟಿ ಸುತ್ತಲು ಬಂದರೆ ಸಾಕು, ನನಗೆ ಆ ತಲೆ ತಗ್ಗಿಸಿದ ಗಂಟೆಗಳು ನೆನಪಾಗುತ್ತಿದ್ದವು.

ಉಪ್ಪಿನಕಾಯಿ ನಿಂತಿತು. ಹಪ್ಪಳ ನಿಂತಿತು. ಸಪ್ಪನೆಯ ಸಾರಿಗೂ ಬಿಪಿ ಇಳಿಯದಿದ್ದಾಗ ಅಕ್ಕ ನಿಜವಾಗಿ ಹೆದರಿದಳು. ಪಟ್ಟಿಯನ್ನು ತೋಳಿಗೆ ಸುತ್ತಿ, ಗುಂಡಿ ಒತ್ತಿ, ನಾಳೆ ನಮ್ಮ ಜಿಪಿ ಡಾಕ್ಟರ ಹತ್ತಿರ ಹೋಗೋಣ, ನಿನಗೇನಾದರೂ ಆದರೆ ನನಗೆ ಯಾರಿದ್ದಾರೆ ಎಂದಳು. ಉಪ್ಪಿನಕಾಯಿ ಇಲ್ಲದೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ.

"ಅಕ್ಕಾ, ಆ ಹೂವು ಜಿಂಕಿ ತಿಂದಿಲ್ಲ."

"ಮತ್ತ?"

"ಲಕ್ಷ್ಮಿಗೆ ಏರಿಸೀನಿ."

ಯಂತ್ರ ತನ್ನ ಪಾಡಿಗೆ ಗಾಳಿ ತುಂಬುತ್ತ ನನ್ನ ತೋಳನ್ನು ಹಿಂಡುತ್ತಿತ್ತು. ಅಕ್ಕ ಅದನ್ನು ಬಿಚ್ಚಲಿಲ್ಲ.

"ಕೋಲು ಕಾಣಲಿಲ್ಲೇನೋ ನಿನಗ? ದಾರ ನೀನ ಕಟ್ಟಿದ್ದಿ."

ಹೇಳಿಬಿಡುವುದಿತ್ತು. ಬಾಯಿಗೆ ಬಂದದ್ದು ಬೇರೆ.

"ಇಲ್ಲಕ್ಕಾ. ಅವೆಲ್ಲಾ ಒಂದೇ ಥರಾ ಕಾಣಸ್ತಾವ. ನಂಗೇನು ತಿಳೀತದ."

ಅವಳು ನನ್ನನ್ನು ನೋಡಿದಳು, ರೋಗಿ ಎಷ್ಟು ಕುಡಿಯುತ್ತೇನೆಂದು ಹೇಳಿದಾಗ ಡಾಕ್ಟರು ನೋಡುವ ಹಾಗೆ. ಬೈಗುಳಕ್ಕೆ ನಾನು ಸಿದ್ಧನಾಗಿ ಕುಳಿತಿದ್ದೆ. ಅವಳು ಕೇಳಿದ್ದು ಒಂದೇ.

"ನಿರ್ಮಾಲ್ಯ ಎಲ್ಲಿ ಇಟ್ಟೀ?"

ದೇವರ ಮೇಲಿಂದ ತೆಗೆದ ಹೂವನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ. ಯಾರೂ ತುಳಿಯದ ಕಡೆ ಹಾಕಬೇಕು ಅಥವಾ ಹರಿಯುವ ನೀರಿಗೆ ಬಿಡಬೇಕು. ಒಮ್ಮೆ ಇಲ್ಲಿಯ ಹಳ್ಳಕ್ಕೆ ಬಿಡಲು ಹೋದಾಗ, ಬೆಳಗಿನ ಓಟದ ಒಬ್ಬರು ನನ್ನ ಫೋಟೋ ತೆಗೆದಿದ್ದರು. ಅಂದಿನಿಂದ ನಿರ್ಮಾಲ್ಯವನ್ನೆಲ್ಲ ಹಿತ್ತಲ ಶೆಡ್ಡಿನಲ್ಲಿ ಒಂದು ಬಟ್ಟೆಯ ಚೀಲದಲ್ಲಿ ಒಣಗಿಸಿಟ್ಟು, ಚಳಿಗಾಲಕ್ಕೆ ಗಿಡಗಳ ಬುಡದಲ್ಲಿ ಹುಗಿಯುತ್ತೇನೆ. ಚೀಲ ಹಾಗೆಯೇ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ ಸುರಿದೆವು. ಅಕ್ಕ ಮೊಳೆಯಿಂದ ಭೂತಗನ್ನಡಿ ತೆಗೆದುಕೊಂಡು ಬಂದಳು. ಒಣಗಿದ ಸೇವಂತಿಗೆ, ತುಳಸಿ, ಊದಿನಬತ್ತಿಯ ಬೂದಿ, ಇವುಗಳ ನಡುವೆ ನನ್ನ ಮಾಲೆ ಸಿಕ್ಕಿತು. ಬಣ್ಣ ಮಾಸಿ ಕಂದಾಗಿತ್ತು, ಆದರೆ ಒಂದು ಗಂಟೆಯೂ ಉದುರಿರಲಿಲ್ಲ. ಈ ಪೊದೆಯ ಹೂವು ಒಣಗಿದರೂ ಕಡ್ಡಿ ಬಿಡುವುದಿಲ್ಲವಂತೆ. ಅಕ್ಕ ಅದನ್ನು ಮಿಠಾಯಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದಳು.

ಭಾನುವಾರ ಪಂಜರದ ಬಳಿ ಎಲ್ಲರೂ ಸೇರಿದಾಗ ಅಕ್ಕ ಡಬ್ಬಿ ತೆರೆದಳು. ಇದು ಎಲ್ಲಿಂದ ಬಂತೆಂದು ಸಾಹೇಬರು ಕೇಳಿದರು. ಅಕ್ಕ ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನನ್ನ ತಮ್ಮ ಪೂಜೆಗೆಂದು ಬಿಡಿಸಿದ್ದಾನೆ. ಅವನು ಹೆಚ್ಚು ಓದಿದವನಲ್ಲ. ಅವನಿಗೆ ತಿಳಿಯಲಿಲ್ಲ. ಗುರುತಿನ ಕೋಲು ಗಾಳಿಗೆ ಬಿದ್ದುಹೋಗಿತ್ತು.

ಕೋಲು ಬಿದ್ದಿರಲಿಲ್ಲ. ಎಲ್ಲರೂ ಆ ಭಾನುವಾರ ಅದು ನೆಟ್ಟಗೆ ನಿಂತದ್ದನ್ನು ನೋಡಿದ್ದರು, ಅಕ್ಕನೂ ನೋಡಿದ್ದಳು. ನನಗೆ ತಲೆಯ ಮೇಲೆ ಕೊಡೆ ಬಿಚ್ಚಿದ ಸದ್ದು ಕೇಳಿಸಿತು. ಈ ಸಲ ಹಿಡಿದುಕೊಂಡವಳು ಅವಳು, ಅದೂ ಎಲ್ಲರೆದುರು. ಸುಮ್ಮನಿದ್ದರೆ ಆಗುತ್ತಿತ್ತು, ಆದರೆ ಎಲ್ಲರ ಕಣ್ಣೂ ನನ್ನ ಮೇಲಿದ್ದವು. ಏನಾದರೂ ಹೇಳಬೇಕೆನಿಸಿ ನನ್ನ ಇಂಗ್ಲಿಷಿನಲ್ಲಿ ಹೇಳಿದೆ: "ಜಿಂಕೆ ನಾನೇ."

ಚಹಾ ತಂದಿದ್ದ ಮುದುಕಿಗೆ ಚಹಾ ಮೂಗಿಗೆ ಏರಿತು.

ಸಾಹೇಬರು ನಗಲಿಲ್ಲ. ಅವರಾಗಲೇ ಹೂವಿನೊಳಗೆ ಇಳಿದಿದ್ದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ, ಇದರ ಮೇಲೆ ಕೆಂಪು ಕಣಗಳಿವೆ, ಇಂಥ ಪರಾಗವನ್ನು ನಾನು ಎಲ್ಲಿಯೂ ಕಂಡಿಲ್ಲ ಎಂದರು. ಅಕ್ಕ ಬಗ್ಗಿ ನೋಡಿ, ಅದು ಕುಂಕುಮ ಎಂದಳು. ಪೂಜೆಯಲ್ಲಿ ನಾನೇ ಹಾಕಿದ್ದು. ಪೊದೆಯ ಮೈಮೇಲೆ ತುದಿ ಅಂಟಾಗಿರುವ ಸಣ್ಣ ಕೂದಲಿರುತ್ತವಂತೆ. ಒಂದೊಂದು ಕೂದಲ ತುದಿಗೂ ಕುಂಕುಮ ಹಿಡಿದು ನಿಂತಿತ್ತು. ಅವನ್ನು ಇಷ್ಟು ಚೆನ್ನಾಗಿ ತಾನು ಯಾವತ್ತೂ ನೋಡಿರಲಿಲ್ಲ ಎಂದು ಸಾಹೇಬರು ಎಲ್ಲರನ್ನೂ ಕರೆದು ತೋರಿಸಿದರು. ಆಮೇಲೆ ಸೂಜಿಯಿಂದ ಒಂದು ಗಂಟೆಯನ್ನು ಸೀಳಿದರು. ಒಳಗೆ ಕೇಸರಗಳಿಗೆ ಪುಟ್ಟ ಕೊಂಬುಗಳಿದ್ದವು, ನಡುವಿನ ಕಾಯಿಯ ಮೇಲೆ ನವಿರಾದ ತುಪ್ಪಳವಿತ್ತು. ಪಂಜರದೊಳಗೆ ಕೈ ಹಾಕಿ ನಾನು ಚಿವುಟಿ ಬಿಟ್ಟ ಕಡ್ಡಿಗಳ ಜೊತೆ ಹೋಲಿಸಿ ನೋಡಿದರು. ತೋಟದ್ದಲ್ಲ ಎಂದರು. ಇಲ್ಲಿಯದೇ, ಈ ನೆಲದ್ದೇ. ಡಾಕ್ಟರು ಮೇ ತಿಂಗಳಲ್ಲಿ ಹೇಳಿದ್ದು ಸರಿ.

ಅಕ್ಕ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು ಬೇರೆ ಕಡೆ ತಿರುಗಿ, ಬರೀ ಹುಲ್ಲಿದ್ದ ಜಾಗವನ್ನು ಬಹಳ ಹೊತ್ತು ನೋಡಿದಳು. ಹೊರಡುವಾಗ ಸಾಹೇಬರು, ಒಂದು ಚಿಟಿಕೆ ಕುಂಕುಮ ಸಿಗಬಹುದೇ ಎಂದು ಅವಳನ್ನು ಕೇಳಿದರು.

ಬಸ್ಸಿನಲ್ಲಿ ನಾನು ಖುಷಿಯಲ್ಲಿದ್ದೆ. ಚುಕ್ಕೆ ಬಿತ್ತು, ತಪ್ಪನ್ನೂ ಒಪ್ಪಿಕೊಂಡಾಯಿತು, ಬಿಪಿ ಇಳಿದಿರಬೇಕು, ಉಪ್ಪಿನಕಾಯಿ ಕೇಳಬಹುದು ಎಂದುಕೊಳ್ಳುತ್ತಿದ್ದೆ. ನಮ್ಮ ಸ್ಟಾಪು ಹತ್ತಿರ ಬಂದಾಗ ಅಕ್ಕ ಕಿಟಕಿಯ ಹೊರಗೆ ನೋಡುತ್ತಲೇ ಮಾತಾಡಿದಳು.

"ಜಿಂಕಿ ಕೋಲು ಕಿತ್ತು, ಹೂ ತಿಂದು, ಮತ್ತ ಕೋಲು ನೆಟ್ಟಗ ನೆಟ್ಟು ಹೋಗ್ತದೇನೋ?"

ನಾನು ಎದುರಿನ ಸೀಟನ್ನು ನೋಡಿದೆ.

"ನಾ ನೆಡಸಿದ್ದು ಪೊದಿಯ ಎಡಕ್ಕ. ಅವತ್ತ ನಿಂತಿದ್ದು ಬಲಕ್ಕ. ನಲವತ್ತ ವರ್ಷ ನಾ ಸುಳ್ಳು ಕೇಳೇ ಪಗಾರ ತಗೊಂಡೀನಿ. ನೀ ಯಾವಾಗ ಹೇಳ್ತಿ ಅಂತ ಕಾದೆ. ಹೇಳಿದಿ, ಅದೂ ಅರ್ಧಾ. ಇವತ್ತ ನಿನ್ನ ಸಂಬಂಧ ಆ ಮಂದಿ ಮುಂದ ನಾನೂ ಸುಳ್ಳು ಹೇಳಿದೆ."

"ನಂಗೇನು..." ಎಂದೆ.

"ತಿಳೀತದ" ಎಂದಳು ಅಕ್ಕ. "ನಿಂಗೆಲ್ಲಾ ತಿಳೀತದ. ಅವ್ವಗೂ ಗೊತ್ತಿತ್ತು."

ಸ್ಟಾಪು ಬಂತು. ನಾನು ಚೀಲ ಎತ್ತಿಕೊಂಡು ಅವಳ ಹಿಂದೆ ಇಳಿದೆ. ಇಷ್ಟು ವಯಸ್ಸಿಗೆ ನನ್ನ ಕೊಡೆಯನ್ನು ಅಕ್ಕ ಪಿನ್ನರ್‌ನ ಬಸ್ ಸ್ಟಾಪಿನಲ್ಲಿ ಮಡಚಿ ತೆಗೆದುಕೊಂಡಳು, ತಿರುಗಿ ಕೊಟ್ಟಿಲ್ಲ. ಗುಂಪಿನವರಿಗೆ ಕೋಲಿನ ಸತ್ಯವನ್ನು ಮುಂದಿನ ಭಾನುವಾರ ನಾನೇ ಹೇಳಬೇಕಾಯಿತು. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಎಲ್ಲರೂ ಕುಂಕುಮ ಹಾಕಿದ ಬೇರೆ ಬೇರೆ ಎಲೆಗಳನ್ನು ನೋಡುತ್ತಿದ್ದರು.

ಈ ಶ್ರಾವಣದಲ್ಲಿ ಪೊದೆ ಮತ್ತೆ ಅರಳಿದೆ. ಈಗ ನನಗೂ ಭೂತಗನ್ನಡಿ ಇದೆ, ಅಕ್ಕ ಕೊಡಿಸಿದ್ದು. ಮೂರೆಲೆ ಯಾವುದು, ನಾಲ್ಕೆಲೆ ಯಾವುದು ಎಂದು ಕೇಳಿದರೆ ಹೇಳಬಲ್ಲೆ. ಹೇಳಲೇಬೇಕು, ಬೇರೆ ದಾರಿಯಿಲ್ಲ. ಲಕ್ಷ್ಮಿಗೆ ಸೂಪರ್ ಮಾರ್ಕೆಟ್ಟಿನ ಹೂವು ಹೋಗುತ್ತದೆ, ಬಾಡದಿದ್ದರೂ ಅವಳು ಹೊಂದಿಕೊಂಡಿದ್ದಾಳೆ. ಆದರೂ ಶುಕ್ರವಾರ ಬೆಳಿಗ್ಗೆ ಅಲ್ಲಿ ನಿಂತಾಗ, ಆ ಗುಲಾಬಿ ಗೊಂಚಲುಗಳನ್ನು ಕಂಡು ನನ್ನ ಬೆರಳು ತಾನಾಗಿ ಮುಂದೆ ಹೋಯಿತು. ತಂತಿಗೆ ತಾಗಿ ನಿಂತಿತು. ಮೊದಲು ಹಾಕಿದ್ದು ಜಿಂಕೆಯ ಮೂತಿ ತೂರದ ದೊಡ್ಡ ಕಣ್ಣಿನ ತಂತಿ. ಈಗಿನದರ ಕಣ್ಣು ಎರಡು ಬೆರಳು ಹಿಡಿಯುವಷ್ಟೂ ಇಲ್ಲ. ಚಳಿಗಾಲದಲ್ಲಿ ಅಕ್ಕ ಹೋಗಿ ಬದಲಾಯಿಸಿ ತಂದದ್ದು. ಅಂಗಡಿಗೆ ಹೊರಡುವ ಮೊದಲು, ಯಾಕೆಂದು ಹೇಳದೆ, ನನ್ನ ಹೆಬ್ಬೆರಳು ತೋರುಬೆರಳು ಕೂಡಿಸಿ ಹಿಡಿಸಿ ಟೇಪಿನಿಂದ ಅಳತೆ ತೆಗೆದುಕೊಂಡಿದ್ದಳು. ನಾನು ಅದೂ ಏನೋ ಬಿಪಿಗೆ ಸಂಬಂಧಪಟ್ಟ ಪರೀಕ್ಷೆ ಎಂದುಕೊಂಡಿದ್ದೆ.